ಕಲ್ಲುಹೊಂಡದ ಕವಲು ಹೂ

ಜುಲೈ ಬಂತೆಂದರೆ ಕೃಷ್ಣಾ ತೀರದ ಊರುಗಳಲ್ಲಿ ಮಾತೆಲ್ಲ ನೀರಿನದೇ. ಚಿಕ್ಕೋಡಿ ಸೀಮೆಯಲ್ಲಿ ಕಲ್ಲೋಳ–ಯಡೂರ ಸೇತುವೆ ಮುಳುಗಿತೇ ಎಂದು ವಿಚಾರಿಸುತ್ತಾರೆ. ನಿಪ್ಪಾಣಿ ಕಡೆಯವರು ಭೋಜ–ಕಾರದಗಾ, ಜತ್ರಾಟ–ಭೀವಶಿ ಸೇತುವೆಗಳ ಸುದ್ದಿ ಕೇಳುತ್ತಾರೆ. ಯಡೂರಿನ ವೀರಭದ್ರನ ದರ್ಶನಕ್ಕೆ ಹೊರಟವರು ಸುತ್ತುಬಳಸಿನ ದಾರಿ ಹಿಡಿಯುತ್ತಾರೆ. ಕಾಗವಾಡ, ರಾಯಬಾಗ, ಅಥಣಿಯ ರೈತರು ನದಿದಂಡೆಯ ಮೋಟಾರುಗಳನ್ನು ಬಿಚ್ಚಿ ಮೇಲಕ್ಕೆ ಸಾಗಿಸುತ್ತ, ಕೊಯ್ನಾದಿಂದ ಇವತ್ತು ಎಷ್ಟು ಕ್ಯೂಸೆಕ್ ಬಿಟ್ಟರು ಎಂದು ಮೊಬೈಲು ನೋಡುತ್ತಿರುತ್ತಾರೆ.

ವಿಚಿತ್ರವೆಂದರೆ ಆ ಹೊತ್ತಿನಲ್ಲಿ ಅಥಣಿಯಲ್ಲೋ ಕಾಗವಾಡದಲ್ಲೋ ನೆಲ ನೆನೆಯುವಷ್ಟು ಮಳೆಯೂ ಬಿದ್ದಿರುವುದಿಲ್ಲ. ಮೋಡ ಹಾಯುತ್ತದೆ, ಗಾಳಿ ಬೀಸುತ್ತದೆ, ನಾಲ್ಕು ಹನಿ ಉದುರುತ್ತದೆ. ನದಿ ಮಾತ್ರ ಕೆಂಪಗೆ ಉಕ್ಕಿ ಬರುತ್ತದೆ. ಆ ನೀರು ಬಿದ್ದದ್ದು ಇಲ್ಲಲ್ಲ, ಪಶ್ಚಿಮಕ್ಕಿರುವ ಸಹ್ಯಾದ್ರಿಯ ನೆತ್ತಿಯ ಮೇಲೆ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಕರಾಡದಲ್ಲಿ ಕೊಯ್ನಾ, ಸಾಂಗಲಿಯ ಬಳಿ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ಅವಳನ್ನು ಕೂಡಿಕೊಳ್ಳುತ್ತವೆ. ವೇದಗಂಗೆಯನ್ನು ಸೇರಿಸಿಕೊಂಡ ದೂಧಗಂಗೆ ನಮ್ಮ ಸೀಮೆಯೊಳಗೇ ಬಂದು ಸೇರುತ್ತಾಳೆ.

ಆ ನೆತ್ತಿಯ ಹಲವು ಕಡೆ ಕಾಡಿಲ್ಲ. ಇರುವುದು ಮರವಿಲ್ಲದ, ಮಟ್ಟಸವಾದ, ಕಪ್ಪುಕೆಂಪು ಕಲ್ಲುಹಾಸು. ಅದರ ತಗ್ಗುಗಳಲ್ಲಿ ಮಳೆನೀರು ನಿಂತು ನೂರಾರು ಸಣ್ಣ ಹೊಂಡಗಳಾಗುತ್ತವೆ. ಇಲ್ಲಿ ಸೇತುವೆಗಳು ಮುಳುಗುವ ದಿನಗಳಲ್ಲೇ ಅಲ್ಲಿ ಆ ಹೊಂಡಗಳಿಂದ ನಸುನೇರಳೆ ಬಣ್ಣದ ಒಂದು ಹೂತೆನೆ ಮೇಲೇಳುತ್ತದೆ. ನೀರಿನಿಂದ ಒಂಟಿ ದಂಟಾಗಿ ಬಂದು, ತುದಿಯಲ್ಲಿ ಎರಡಾಗಿ ಕವಲೊಡೆದು ನಿಲ್ಲುತ್ತದೆ. ಜಗತ್ತಿನಲ್ಲಿ ಇದು ಬೆಳೆಯುವುದು ಉತ್ತರ ಸಹ್ಯಾದ್ರಿಯ ಕೆಲವೇ ಕಲ್ಲುಪಠಾರಗಳಲ್ಲಿ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದರ ಹೆಸರಿದೆ.

ಹೆಸರು ಬಂದದ್ದು 1982ರಲ್ಲಿ

ಸಾತಾರಾ ಕಡೆಯ ಮರಾಠಿಗರು ಇದನ್ನು ‘ವಾಯತುರಾ’ ಎನ್ನುತ್ತಾರೆ. ಇಂಗ್ಲಿಷಿನ ‘ವೈ’ ಅಕ್ಷರದ ಆಕಾರದ ತುರಾಯಿ ಅದು. ಸಸ್ಯಶಾಸ್ತ್ರದ ಹೆಸರು ಅಪೊನೊಗೆಟಾನ್ ಸತಾರೆನ್ಸಿಸ್. ಸುಂದರರಾಘವನ್, ಎ.ಆರ್. ಕುಲಕರ್ಣಿ ಮತ್ತು ಎಸ್.ಆರ್. ಯಾದವ್ ಅವರು 1982ರಲ್ಲಿ ಇದನ್ನು ಹೊಸ ಪ್ರಭೇದವೆಂದು ಲೋಕಕ್ಕೆ ಪರಿಚಯಿಸಿದರು. ಇವರಲ್ಲಿ ಯಾದವ್ ಮುಂದೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಸಸ್ಯಶಾಸ್ತ್ರ ಕಲಿಸಿದರು. ಅವರ ಹೆಸರು ಈ ಲೇಖನದಲ್ಲಿ ಮತ್ತೆ ಬರುತ್ತದೆ.

ಇಷ್ಟು ತಡವಾಗಿ ಪತ್ತೆಯಾದದ್ದು ಅಚ್ಚರಿಯೇ. ಮುಂಬಯಿ ಪ್ರಾಂತದ ಗಿಡಮರಗಳ ದೊಡ್ಡ ಪಟ್ಟಿಯೊಂದನ್ನು ಡಾಲ್ಜೆಲ್ ಮತ್ತು ಗಿಬ್ಸನ್ 1861ರಲ್ಲೇ ಪ್ರಕಟಿಸಿದ್ದರು. ಥಿಯೊಡೋರ್ ಕುಕ್ 1901ರಿಂದ 1908ರ ನಡುವೆ ಅದೇ ಪ್ರಾಂತದ ಸಸ್ಯಕೋಶ ಬರೆದರು. ನಮ್ಮ ಬೆಳಗಾವಿ ಜಿಲ್ಲೆಯೂ ಅದರೊಳಗೆ ಸೇರಿತ್ತು. ಮಹಾಬಳೇಶ್ವರವಂತೂ ಬ್ರಿಟಿಷ್ ಅಧಿಕಾರಿಗಳು ಪ್ರತಿ ಬೇಸಿಗೆಯಲ್ಲಿ ಬಂದಿಳಿಯುತ್ತಿದ್ದ ಊರು. ಆದರೆ ಅವರು ಬರುತ್ತಿದ್ದದ್ದು ಬೇಸಿಗೆಗೆ, ಈ ಹೂ ಬರುವುದು ಮುಂಗಾರಿಗೆ. ಮಳೆಗಾಲದಲ್ಲಿ ಆ ಬೆಟ್ಟಗಳ ಮೇಲೆ ಎದುರಿಗಿದ್ದವರ ಮುಖ ಕಾಣದಷ್ಟು ಮಂಜು. ಮಳೆ ನಿಂತು ಮಂಜು ಹರಿಯುವ ಹೊತ್ತಿಗೆ ಹೂವಿನ ಕಾಲ ಮುಗಿದಿರುತ್ತದೆ. ಬೇಸಿಗೆಯಲ್ಲಿ ಹೋದವರಿಗೆ ಕಾಣುವುದು ಕಾದ ಕಲ್ಲು, ಒಣಗಿ ಬಿರಿದ ಕೆಸರು, ಅಷ್ಟೇ.

ಅಪೊನೊಗೆಟಾನ್ ಕುಲದ ಗಿಡಗಳು ಆಫ್ರಿಕಾ, ಮಡಗಾಸ್ಕರ್, ಏಷ್ಯಾ, ಆಸ್ಟ್ರೇಲಿಯಾಗಳಲ್ಲಿ ಹರಡಿವೆ. ಎಲ್ಲವೂ ನೀರಿನ ಗಿಡಗಳೇ, ಬಹುತೇಕ ಎಲ್ಲಕ್ಕೂ ಬುಡದಲ್ಲಿ ಪಿಷ್ಟ ತುಂಬಿದ ಗಡ್ಡೆ. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತದಲ್ಲಿ ಈ ಕುಲದ ಒಂದು ಹೂವನ್ನು ಮಾಂಸದ ಜೊತೆ ಬೇಯಿಸಿ ಊಟಕ್ಕೆ ಬಳಸುವುದು ಹಳೆಯ ರೂಢಿ. ಆ ಕೇಪ್ ಹೂವಿಗೂ ತೆನೆ ಎರಡು. ಭಾರತದ ಕೆರೆಕುಂಟೆಗಳಲ್ಲಿರುವ ವಾಯತುರಾದ ಬಂಧುಗಳಿಗೆ ಮಾತ್ರ ದಂಟಿಗೆ ಒಂದೇ ತೆನೆ. ಸಾತಾರಾದ ಈ ಗಿಡ ತನ್ನ ನೆರೆಯ ಬಂಧುಗಳನ್ನು ಬಿಟ್ಟು ಸಾಗರದಾಚೆಯ ಬಂಧುವನ್ನು ಹೋಲುತ್ತದೆ. ಸಸ್ಯಶಾಸ್ತ್ರಜ್ಞರಿಗೆ ಇದರ ಮೇಲೆ ಇಷ್ಟು ಕುತೂಹಲವಿರುವುದಕ್ಕೆ ಅದೂ ಒಂದು ಕಾರಣ.

ಕಲ್ಲಿನ ಮೇಲೆ ಬಾಳುವುದು ಹೇಗೆ

ದಖನ್ನಿನ ನೆಲ ಲಾವಾದಿಂದ ಆದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ತಣ್ಣಗಾದ ಕಪ್ಪುಕಲ್ಲು ನಮ್ಮ ಹೊಲಗಳ ಅಡಿಯಲ್ಲೂ ಇದೆ. ಎರೆಮಣ್ಣು ಹುಟ್ಟಿದ್ದು ಅದು ಸವೆದೇ. ಬೆಟ್ಟದ ನೆತ್ತಿಯಲ್ಲಿ ಅದೇ ಕಲ್ಲು ಬೇರೆ ಗತಿ ಕಂಡಿತು. ಲಕ್ಷಾಂತರ ವರ್ಷ ಸುರಿದ ಮಳೆ ಕಲ್ಲಿನೊಳಗಿನ ಕರಗುವ ಅಂಶಗಳನ್ನೆಲ್ಲ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದ ಗಟ್ಟಿ ಹೊದಿಕೆಯನ್ನು ಮೇಲೆ ಬಿಟ್ಟಿತು. ಕರಾವಳಿಯವರು ಮುರಕಲ್ಲು ಎನ್ನುವುದು, ಮರಾಠಿಗರು ಜಾಂಬಾ ಎನ್ನುವುದು ಇದನ್ನೇ. ಖಾನಾಪುರ ಕಡೆಯ ಹಳೆಯ ಮನೆಗಳ ಗೋಡೆಗಳಲ್ಲಿ ಈ ಕಲ್ಲನ್ನು ಎಲ್ಲರೂ ನೋಡಿರುತ್ತೇವೆ.

ಇದರ ಮೇಲೆ ಮಣ್ಣು ಎಂಬುದು ಬೆರಳುದ್ದವೂ ಇರುವುದಿಲ್ಲ. ಎಷ್ಟೋ ಕಡೆ ಕಲ್ಲು ಬರಿದೇ. ಇದ್ದ ಮಣ್ಣೂ ಹುಳಿ, ಅದರಲ್ಲಿ ಸಾರವಿಲ್ಲ. ಮಳೆಗಾಲದ ನಾಲ್ಕು ತಿಂಗಳು ನೀರು ಕಾಲಡಿಯಲ್ಲೇ ಹರಿಯುತ್ತದೆ. ಕಾರ್ತಿಕ ಮುಗಿಯುತ್ತಿದ್ದಂತೆ ಒಂದು ಹನಿಯೂ ಉಳಿಯುವುದಿಲ್ಲ. ಮಾರ್ಚ್ ಹೊತ್ತಿಗೆ ಕಲ್ಲು ಬರಿಗಾಲಿಡಲಾಗದಷ್ಟು ಕಾಯುತ್ತದೆ. ಒಂದೇ ಜಾಗ ವರ್ಷದ ಒಂದು ಭಾಗ ಕೆರೆ, ಇನ್ನೊಂದು ಭಾಗ ಮರುಭೂಮಿ.

ಇಂಥಲ್ಲಿ ಮರಕ್ಕೆ ಬೇರೂರಲು ಎಡೆಯಿಲ್ಲ. ಗಿಡಗಳಿಗೆ ಎರಡೇ ದಾರಿ. ಒಂದು, ಮೊಳೆತು, ಹೂಬಿಟ್ಟು, ಬೀಜ ಉದುರಿಸಿ ಮೂರ್ನಾಲ್ಕು ತಿಂಗಳಲ್ಲೇ ಬಾಳು ಮುಗಿಸುವುದು. ಇನ್ನೊಂದು, ಎಲೆಗಳನ್ನೆಲ್ಲ ಬಿಟ್ಟುಕೊಟ್ಟು ನೆಲದೊಳಗೆ ಗಡ್ಡೆಯಾಗಿ ಮಲಗುವುದು. ವಾಯತುರಾ ಎರಡನೆಯ ದಾರಿಯದು. ಹೊಂಡದ ತಳದ ಕೆಸರು ಒಣಗಿ ಹೆಂಟೆಯಾದರೂ ಅದರೊಳಗೆ ಗಡ್ಡೆ ಜೀವ ಹಿಡಿದುಕೊಂಡಿರುತ್ತದೆ. ಮಿರಗದ ಮಳೆ ಬಿದ್ದು ಹೊಂಡ ತುಂಬುತ್ತಲೂ ಎಲೆ ಹೊರಡಿಸುತ್ತದೆ, ಕೆಲವೇ ವಾರಗಳಲ್ಲಿ ಹೂವಿಗೆ ಬರುತ್ತದೆ. ಈ ಕುಲದ ಗಿಡಗಳ ಬೀಜಕ್ಕೆ ವರ್ಷಗಟ್ಟಲೆ ಕಾದು ಕೂರುವ ಸ್ವಭಾವವಿಲ್ಲ. ಕಳಚಿದ ಬೀಜ ಸ್ವಲ್ಪ ಹೊತ್ತು ತೇಲಿ, ತಳ ಸೇರಿ, ಬೇಗನೇ ಮೊಳೆಯುತ್ತದೆ. ಆ ಮೊಳಕೆ ನೀರು ಬತ್ತುವುದರೊಳಗೆ ತನ್ನದೊಂದು ಪುಟ್ಟ ಗಡ್ಡೆ ಮಾಡಿಕೊಳ್ಳಬೇಕು. ಮಾಡಿಕೊಳ್ಳದಿದ್ದರೆ ಆ ವರ್ಷದ ಸಂತಾನ ಅಲ್ಲಿಗೇ ಮುಗಿಯಿತು. ಹೊಂಡ ಹದಿನೈದು ದಿನ ಮೊದಲೇ ಒಣಗಿದರೂ ಆಗುವ ನಷ್ಟ ದೊಡ್ಡದು.

ಇದರ ಜೊತೆಗೆ ಇನ್ನೊಂದು ಕಟ್ಟೂ ಇದೆ. ವಾಯತುರಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಒಂದು ಹೊಂಡದಲ್ಲಿ ಬರೀ ಗಂಡು ಗಿಡಗಳೇ ಉಳಿದರೆ ಹೂವಿನ ಚೆಲುವಿಗೆ ಕೊರತೆಯಾಗದು, ಬೀಜ ಮಾತ್ರ ಕಟ್ಟದು.

ಈ ಹೊಂಡಗಳಲ್ಲಿ ವಾಯತುರಾ ಒಂಟಿಯಲ್ಲ. ಸಾರವಿಲ್ಲದ ನೆಲದಲ್ಲಿ ಹೊಟ್ಟೆ ಹೊರೆಯಲು ಕೀಟ ಹಿಡಿದು ತಿನ್ನುವ ಗಿಡಗಳಿವೆ. ಎಲೆಯ ಅಂಟುಹನಿಗೆ ಸೊಳ್ಳೆ ಸಿಕ್ಕಿಸಿಕೊಳ್ಳುವ ಡ್ರಾಸೆರಾ ಇದೆ, ಬೇರಿನಂಥ ಎಳೆಗಳ ಮೇಲಿನ ಸೂಕ್ಷ್ಮ ಚೀಲಗಳಿಂದ ನೀರುಹುಳು ಹೀರುವ ಯುಟ್ರಿಕ್ಯುಲೇರಿಯಾ ಇದೆ. ಎರಡನೆಯದು ನೇರಳೆ ಹೂಬಿಟ್ಟು ಇಡೀ ಕಲ್ಲುಹಾಸನ್ನು ಮುಚ್ಚಿದಾಗ ಸಾತಾರಾ ಜನ ಅದನ್ನು ಸೀತೆಯ ಕಣ್ಣೀರು ಎಂದು ಕರೆಯುತ್ತಾರೆ. ನೀರಿನೊಳಗೆ ಕಾಲುಗಳನ್ನು ಮೇಲೆ ಮಾಡಿ ಈಜುವ, ಗಾಜಿನಷ್ಟು ತೆಳುವಾದ ಸಣ್ಣ ಸೀಗಡಿ ಜಾತಿಯ ಜೀವಿಗಳಿರುತ್ತವೆ. ಅವುಗಳ ಮೊಟ್ಟೆ ಒಣಕೆಸರಿನಲ್ಲಿ ಬೇಸಿಗೆಯನ್ನೆಲ್ಲ ಕಳೆದು ಮುಂದಿನ ಮಳೆಗೆ ಒಡೆಯುತ್ತದೆ.

ಇವೆಲ್ಲ ಸೇರಿ ಆಗುವುದು ಅಂಗೈಯಗಲದ ಒಂದು ಲೋಕ. ಪಕ್ಕದ ಹೊಂಡದಲ್ಲಿ ನೀರು ಒಂದು ಗೇಣು ಹೆಚ್ಚು ನಿಂತರೆ ಅಲ್ಲಿನ ಲೋಕವೇ ಬೇರೆ.

ಕಾಸ್: ಬೇಲಿ ಹಾಕಿದರು, ಬೇಲಿ ತೆಗೆದರು

ನಿಪ್ಪಾಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಹಿಡಿದು ಕೊಲ್ಹಾಪುರ, ಕರಾಡ ದಾಟಿದರೆ ಸಾತಾರಾ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ಘಟ್ಟ ಏರಿದರೆ ಕಾಸ್ ಪಠಾರ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರ, ವಿಸ್ತಾರ ಸುಮಾರು ಒಂದು ಸಾವಿರ ಹೆಕ್ಟೇರ್. ಅಷ್ಟರೊಳಗೆ 850ಕ್ಕೂ ಹೆಚ್ಚು ಜಾತಿಯ ಹೂಗಿಡಗಳನ್ನು ದಾಖಲಿಸಿದ್ದಾರೆ. ಪಕ್ಕದಲ್ಲೇ ಸಾತಾರಾ ನಗರಕ್ಕೆ ನೀರು ಕೊಡುವ ಕಾಸ್ ಕೆರೆ. ಇಲ್ಲಿಂದ ಇಳಿಯುವ ಉರಮೋಡಿ ಹೊಳೆ ಕೃಷ್ಣೆಯನ್ನು ಸೇರುತ್ತದೆ. ಹಾಗಾಗಿ ಈ ಕಲ್ಲುಹಾಸಿನ ನೀರು ಒಂದಲ್ಲ ಒಂದು ದಿನ ಅಂಕಲಿ, ಉಗಾರ, ಕುಡಚಿಗಳನ್ನು ಹಾದೇ ಹೋಗುತ್ತದೆ.

2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳನ್ನು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಾಸ್ ಅವುಗಳಲ್ಲೊಂದು, ನಮ್ಮ ದೂಧಗಂಗೆಯ ಸೀಮೆಯ ರಾಧಾನಗರಿ ಅಭಯಾರಣ್ಯ ಇನ್ನೊಂದು. ಕೀರ್ತಿಯ ಹಿಂದೆಯೇ ಜನ ಬಂದರು. ಆಗಸ್ಟ್–ಸೆಪ್ಟೆಂಬರಿನಲ್ಲಿ ಗೌರಿ ಹೂವಿನ ಜಾತಿಯ ಗುಲಾಬಿ ತೇರಡಾ, ಹಳದಿ ಸೋನಕಿ ಅರಳಿ ಬೆಟ್ಟವೆಲ್ಲ ಬಣ್ಣವಾದಾಗ ರಜಾದಿನಗಳಲ್ಲಿ ವಾಹನಗಳ ಸಾಲು ಘಟ್ಟದ ಕೆಳಗಿನವರೆಗೂ ನಿಲ್ಲತೊಡಗಿತು. ಫೋಟೊಕ್ಕೆಂದು ಹೂವಿನ ನಡುವೆ ಮಲಗುವವರು, ಕಲ್ಲಿನ ಮೇಲೆ ಗಾಡಿ ನಿಲ್ಲಿಸುವವರು, ಹೊಂಡದ ನೀರಲ್ಲಿ ಕೈಕಾಲು ತೊಳೆಯುವವರು. ಬೆರಳುದ್ದದ ಮಣ್ಣಿನ ಮೇಲೆ ಸಾವಿರಾರು ಕಾಲು ಬಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಕಾಡಿನ ನೆಲದಲ್ಲಿ ತುಳಿತದ ಗಾಯ ಒಂದೆರಡು ಮಳೆಗಾಲದಲ್ಲಿ ಮಾಯಬಹುದು. ಇಲ್ಲಿ ಮಣ್ಣು ಒಮ್ಮೆ ಕಿತ್ತು ತೊಳೆದುಹೋದರೆ ಮತ್ತೆ ಕೂಡಿಕೊಳ್ಳಲು ಎಷ್ಟು ತಲೆಮಾರು ಬೇಕೋ.

ಅರಣ್ಯ ಇಲಾಖೆ ಮತ್ತು ಸುತ್ತಲಿನ ಕಾಸ್, ಏಕೀವ, ಆಟಾಳಿ, ಕುಸುಂಬಿ ಮೊದಲಾದ ಊರುಗಳ ಸಂಯುಕ್ತ ಅರಣ್ಯ ಸಮಿತಿಗಳು ಕೂಡಿ ವ್ಯವಸ್ಥೆ ಮಾಡಿದವು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು, 3 ಸಾವಿರದ ಲೆಕ್ಕ. ಮೊದಲೇ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಬೇಕು, ಶುಲ್ಕ ಕೊಡಬೇಕು. ಊರಿನ ಹುಡುಗ ಹುಡುಗಿಯರೇ ಮಾರ್ಗದರ್ಶಕರು, ಕಾವಲುಗಾರರು. ಬಂದ ಹಣ ಸಮಿತಿಗೆ. ಹೂ ಉಳಿದರೆ ಊರಿಗೆ ಅನ್ನ ಎಂಬ ನಂಟು ಹೀಗೆ ಬೆಳೆಯಿತು. ಇಡೀ ಸಹ್ಯಾದ್ರಿಯ ಪಠಾರ ರಕ್ಷಣೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಪಾಠ ಇದು: ಕಾಯುವ ಕೆಲಸ ಪಕ್ಕದೂರಿನವರ ಕೈಯಲ್ಲೇ ಇರಬೇಕು, ಅದರಿಂದ ಅವರ ಮನೆಯ ಒಲೆಯೂ ಉರಿಯಬೇಕು.

ಇದರ ಜೊತೆಗೆ ಪಠಾರದ ಸುತ್ತ ಕಬ್ಬಿಣದ ಜಾಲರಿ ಬೇಲಿಯೂ ಬಂತು. ತುಳಿತ ತಗ್ಗಿತು, ಆದರೆ ದನಗಳೂ ಒಳಗೆ ಬರುವಂತಿಲ್ಲವಾಯಿತು. ತಲೆಮಾರುಗಳಿಂದ ಅಲ್ಲಿ ಮೇಯುತ್ತಿದ್ದ ದನ ಎಮ್ಮೆಗಳು ಎತ್ತರದ ಹುಲ್ಲನ್ನು ತಿಂದು ತಗ್ಗಿಸುತ್ತಿದ್ದವು. ಮೇಯುವುದು ನಿಂತ ಮೇಲೆ ಹುಲ್ಲು ಬೆಳೆದು ಗಿಡ್ಡ ಗಿಡಗಳನ್ನು ಮುಚ್ಚಿತು. ಹೂ ಕಡಿಮೆಯಾಗುತ್ತಿದೆ ಎಂದು ಮೊದಲು ಹೇಳಿದವರಲ್ಲಿ ಊರವರೂ ಇದ್ದರು. ಕಾಡುಪ್ರಾಣಿಗಳ ಓಡಾಟಕ್ಕೂ ಜಾಲರಿ ಅಡ್ಡಿಯಾಗಿತ್ತು. ಹಲವು ವರ್ಷಗಳ ಚರ್ಚೆಯ ಬಳಿಕ ಬೇಲಿಯನ್ನು ಕಿತ್ತರು.

ಬೇಲಿ ಹಾಕಿದವರು ದಡ್ಡರಾಗಿರಲಿಲ್ಲ. ಆ ಹೊತ್ತಿನ ಜನಜಾತ್ರೆಗೆ ಅದು ಬೇಕಿತ್ತು. ಆದರೆ ಈ ನೆಲ ಮನುಷ್ಯನೇ ಇಲ್ಲದೆ ಬೆಳೆದದ್ದಲ್ಲ, ದನಗಾಹಿಯ ಜೊತೆ ಬೆಳೆದದ್ದು. ಮಿತವಾದ ಮೇಯುವಿಕೆಯನ್ನು ಇದು ಸಹಿಸುತ್ತದೆ, ಮೋಟಾರು ಗಾಡಿಯ ಗಾಲಿಯನ್ನು ಸಹಿಸದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದೆಂದು ಕಾಸ್ ತೋರಿಸಿಕೊಟ್ಟಿತು.

ಜೋಗದಲ್ಲಿ ಕಳೆದದ್ದು ತಿಲಾರಿಯಲ್ಲಿ ಸಿಕ್ಕಿತು

ಕಲ್ಲು ಮತ್ತು ನೀರು ಕೂಡುವಲ್ಲಿ ಮಾತ್ರ ಬಾಳುವ ಗಿಡಗಳ ಕಥೆಯಲ್ಲಿ ಕರ್ನಾಟಕದ್ದೇ ಒಂದು ಅಧ್ಯಾಯವಿದೆ. 1919ರಲ್ಲಿ ಸೆಜ್‌ವಿಕ್ ಎಂಬ ಸಿವಿಲ್ ಅಧಿಕಾರಿ ಮತ್ತು ಉತ್ತರ ಕನ್ನಡದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ.ಆರ್.ಡಿ. ಬೆಲ್ ಜೋಗದ ಗುಂಡಿಯ ಬಳಿ ಒಂದು ನವಿರಾದ ಹುಲ್ಲನ್ನು ಸಂಗ್ರಹಿಸಿದರು. ಜಲಪಾತದ ತುಂತುರು ಸದಾ ಬೀಳುವ ನೆರಳಿನ ಬಂಡೆ ಅದರ ಮನೆ. ಹುಲ್ಲುಗಳ ತಜ್ಞ ಎನ್.ಎಲ್. ಬೋರ್ 1951ರಲ್ಲಿ ಅದಕ್ಕೆ ಹಬಾರ್ಡಿಯಾ ಹೆಪ್ಟಾನ್ಯೂರಾನ್ ಎಂದು ಹೆಸರಿಟ್ಟರು. ಅಂಥ ಹುಲ್ಲು ಬೇರೆಲ್ಲೂ ಇರಲಿಲ್ಲವಾದ್ದರಿಂದ ಒಂದು ಹೊಸ ಕುಲವನ್ನೇ ಅದಕ್ಕಾಗಿ ತೆರೆಯಬೇಕಾಯಿತು.

ಅನಂತರ ಲಿಂಗನಮಕ್ಕಿ ಅಣೆಕಟ್ಟು ಬಂತು. 1964ರ ಬಳಿಕ ಜೋಗದ ನೀರು ಮೊದಲಿನಂತೆ ಧುಮುಕಲಿಲ್ಲ, ತುಂತುರೂ ಮೊದಲಿನಂತೆ ಹಾರಲಿಲ್ಲ. ಹುಡುಕಿದವರಿಗೆ ಹುಲ್ಲು ಸಿಗಲಿಲ್ಲ. ಅಳಿದುಹೋಯಿತೆಂದೇ ಎಲ್ಲರೂ ನಂಬಿದರು.

2002ರಲ್ಲಿ ಎಸ್.ಆರ್. ಯಾದವ್ ಮತ್ತು ಅವರ ಸಂಗಡಿಗರಿಗೆ ಅದೇ ಹುಲ್ಲು ಕೊಲ್ಹಾಪುರ ಜಿಲ್ಲೆಯ ತಿಲಾರಿಯಲ್ಲಿ ಕಂಡಿತು. ಬೆಳಗಾವಿಯಿಂದ ಚಂದಗಡದ ಹಾದಿಯಲ್ಲಿ ಹೋದರೆ ಸಿಗುವ ಘಟ್ಟ ಅದು, ನಮ್ಮ ಜಿಲ್ಲೆಯ ಗಡಿಯ ಪಕ್ಕದಲ್ಲೇ ಇದೆ. ನೀರು ಜಿನುಗುವ ಬಂಡೆಯ ನೆರಳಲ್ಲಿ, ಮಳೆಗಾಲದಲ್ಲಿ ಮಾತ್ರ ಹಸಿರಾಗಿ, ಅದು ಯಾರ ಕಣ್ಣಿಗೂ ಬೀಳದೆ ಬದುಕಿಕೊಂಡಿತ್ತು. ಶಿವಾಜಿ ವಿಶ್ವವಿದ್ಯಾಲಯದವರು ಅದರ ಸಂತತಿ ಬೆಳೆಸಿ, ಅಂಥದ್ದೇ ಬಂಡೆಗಳಿರುವ ಇತರ ತಾವುಗಳಲ್ಲಿ ನೆಲೆಯೂರಿಸಲು ದುಡಿದರು.

ಆ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಇಂಥ ಅಪರೂಪದ ಗಿಡಗಳಿಗೆ ಒಂದು ಆಸರೆಯಿದೆ. ದೀಪದ ಬುರುಡೆಯಂಥ ಹೂವಿನೊಳಗೆ ನೊಣವನ್ನು ಸೆರೆಹಿಡಿದು ಪರಾಗ ಸಾಗಿಸುವ ಸೆರೋಪೀಜಿಯಾ ಬಳ್ಳಿಗಳ ಹಲವು ಜಾತಿಗಳನ್ನು ಅಲ್ಲಿ ಬೆಳೆಸಿ ಉಳಿಸಿದ್ದಾರೆ. ಉದ್ಯಾನದ ಕುಂಡ ಕಡೆಯ ಆಸರೆ ನಿಜ. ಆದರೆ ಕುಂಡದಲ್ಲಿ ಒಂದು ಜಾತಿಯನ್ನು ಉಳಿಸಬಹುದೇ ಹೊರತು ಹೊಂಡವನ್ನು ಉಳಿಸಲಾಗದು.

ಓಹಿಯೊದ ಹಳದಿ ಹೂ ಹೇಳುವುದೇನು

ಸಾಗರದಾಚೆ ಇದೇ ಬಗೆಯ ಕಷ್ಟದಲ್ಲಿದ್ದ ಒಂದು ಹೂವಿನ ಅನುಭವ ನಮಗೆ ನೇರವಾಗಿ ಉಪಯೋಗಕ್ಕೆ ಬರುವಂಥದು. ಅಮೆರಿಕ ಮತ್ತು ಕೆನಡಾಗಳ ನಡುವಿನ ಮಹಾಸರೋವರಗಳ ದಡದಲ್ಲಿ ಸುಣ್ಣಕಲ್ಲಿನ ಬರಿಯ ಹಾಸುಗಳಿವೆ. ಅಲ್ಲಿ ಲೇಕ್‌ಸೈಡ್ ಡೇಸಿ ಎಂಬ ಗಿಡ್ಡ ಹಳದಿ ಹೂ ಬೆಳೆಯುತ್ತದೆ. ಸುಣ್ಣಕಲ್ಲಿನ ಗಣಿಗಾರಿಕೆಯಿಂದ ಅದರ ನೆಲೆಗಳು ಕರಗಿ, 1988ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಪಾಯದಲ್ಲಿರುವ ಸಸ್ಯವೆಂದು ಘೋಷಿಸಿತು. ಓಹಿಯೊ ರಾಜ್ಯ ಮಾರ್ಬಲ್‌ಹೆಡ್ ಎಂಬಲ್ಲಿ ಹಳೆಯ ಗಣಿಯ ಒಂದು ತುಂಡು ನೆಲವನ್ನೇ ಈ ಹೂವಿಗಾಗಿ ಮೀಸಲಿಟ್ಟಿತು.

ಇಲಿನಾಯ್ ರಾಜ್ಯದಲ್ಲಿ ಉಳಿದಿದ್ದ ಕಡೆಯ ಗುಂಪು ವರ್ಷವರ್ಷವೂ ಹೂಬಿಡುತ್ತಿತ್ತು, ಬೀಜ ಮಾತ್ರ ಕಟ್ಟುತ್ತಿರಲಿಲ್ಲ. ಮಾರ್ಸೆಲಾ ಡಿಮಾರೊ ಎಂಬ ಸಂಶೋಧಕಿ ಕಾರಣ ಹುಡುಕಿದರು. ಈ ಗಿಡ ತನ್ನದೇ ಪರಾಗದಿಂದಲೂ, ತನ್ನ ಗೋತ್ರದ ಗಿಡದ ಪರಾಗದಿಂದಲೂ ಬೀಜ ಕಟ್ಟುವುದಿಲ್ಲ. ಉಳಿದ ಗಿಡಗಳೆಲ್ಲ ಒಂದೇ ಗೋತ್ರದವು! ಓಹಿಯೊದ ಗಿಡಗಳ ಜೊತೆ ಕೂಡಿಸಿದ ಮೇಲೆ ಬೀಜ ಬಂತು. ಅಲ್ಲಿಯವರೆಗೆ ಲೆಕ್ಕಕ್ಕೆ ಗಿಡಗಳಿದ್ದವು, ಸಂತತಿಗೆ ದಾರಿಯಿರಲಿಲ್ಲ.

ಗಂಡು ಹೆಣ್ಣು ಬೇರೆಯಿರುವ ವಾಯತುರಾಕ್ಕೂ ಇದೇ ಕಣ್ಣಿನಿಂದ ಎಣಿಕೆ ನಡೆಯಬೇಕು. ‘ಈ ಪಠಾರದಲ್ಲಿ ಇಷ್ಟು ಗಿಡ’ ಎಂದರೆ ಸಾಲದು. ಎಷ್ಟು ಹೊಂಡಗಳಲ್ಲಿ ಎರಡೂ ಬಗೆಯವು ಇವೆ, ಒಂದು ಹೊಂಡದಿಂದ ಇನ್ನೊಂದಕ್ಕೆ ದುಂಬಿ ಹಾಯಬಲ್ಲದೇ ಎಂಬುದನ್ನೂ ನೋಡಬೇಕು. ನಡುವೆ ಒಂದು ರಸ್ತೆಯೋ ಹೋಟೆಲಿನ ಕಾಂಪೌಂಡೋ ಬಂದರೆ ಗಿಡ ಸಾಯದೆಯೂ ವಂಶ ನಿಲ್ಲಬಹುದು.

ಖರಾಬು ಎಂದು ಬರೆದ ನೆಲ

ಈ ಪಠಾರಗಳಿಗೆ ಬಂದಿರುವ ಅಪಾಯಗಳಿಗೆಲ್ಲ ಬುಡದಲ್ಲಿರುವುದು ಒಂದೇ ಎಣಿಕೆ: ಅಲ್ಲಿ ಏನೂ ಇಲ್ಲ ಎಂಬುದು. ಬೆಳೆ ಬಾರದ್ದಕ್ಕೆ ಕಂದಾಯದ ದಾಖಲೆ ಅದನ್ನು ಖರಾಬು ಎನ್ನುತ್ತದೆ. ದೇಶದ ಪಾಳುಭೂಮಿ ನಕಾಶೆಯಲ್ಲಿ ಬರಿಗಲ್ಲಿನ ನೆಲಕ್ಕೂ ಒಂದು ವರ್ಗವಿದೆ. ಮರವಿಲ್ಲದ್ದಕ್ಕೆ ಕಾಡೂ ಅಲ್ಲ. ಏನೂ ಇಲ್ಲದ ಕಡೆ ಏನು ಮಾಡಿದರೂ ನಡೆಯುತ್ತದೆ ಎಂದು ಎಲ್ಲರಿಗೂ ಅನ್ನಿಸುತ್ತದೆ.

ಹಾಗಾಗಿ ಸಾತಾರಾದ ಚಾಳಕೇವಾಡಿ ಪಠಾರದ ಮೇಲೆ ಗಾಳಿಯಂತ್ರಗಳು ಎದ್ದವು. ಒಂದೊಂದು ಕಂಬಕ್ಕೂ ಒಂದೊಂದು ರಸ್ತೆ ಬೇಕಾಯಿತು. ಈ ಕಲ್ಲಿನಲ್ಲಿ ಅಲ್ಯೂಮಿನಿಯಂ ಹೆಚ್ಚಿದ್ದರೆ ಅದೇ ಬಾಕ್ಸೈಟ್ ಅದಿರು. ರಾಧಾನಗರಿಯ ದುರ್ಗಮಾನವಾಡಿ, ಚಂದಗಡದ ಕಾಸಾರಸಡಾ ಪಠಾರಗಳನ್ನು ಅಗೆದು ಬೆಳಗಾವಿಯ ಕಾರ್ಖಾನೆಗೆ ಅದಿರು ಸಾಗಿಸಲಾಯಿತು. ಆ ಕಾರ್ಖಾನೆಯಿಂದ ನಮ್ಮ ಜಿಲ್ಲೆಯ ಸಾವಿರಾರು ಮನೆಗಳು ಬಾಳಿವೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅಗೆದ ಮೇಲೆ ಮಣ್ಣು ತುಂಬಿ ಮರ ನೆಟ್ಟರೆ ನೆಲ ಮೊದಲಿನಂತಾಯಿತೆಂದು ಬರೆದುಕೊಳ್ಳುವುದು ಸರಿಯಲ್ಲ. ಅಲ್ಲಿ ಮರ ಬರುತ್ತದೆ, ಕಲ್ಲುಹಾಸು ಬರುವುದಿಲ್ಲ. ಪಠಾರದ ಕಲ್ಲು ರಂಧ್ರಮಯ. ಅದು ಕುಡಿದ ನೀರು ಅಂಚಿನಲ್ಲಿ ಒರತೆಯಾಗಿ ಹೊರಬಂದು ಕೆಳಗಿನ ಹಳ್ಳಗಳಿಗೆ ಮಳೆ ನಿಂತ ಮೇಲೂ ನೀರು ಕೊಡುತ್ತದೆ. ಆ ಹೊದಿಕೆಯನ್ನೇ ತೆಗೆದರೆ ಒರತೆಗೂ ಏಟು ಬೀಳುತ್ತದೆ.

ಇನ್ನು ಒಳ್ಳೆಯ ಮನಸ್ಸಿನಿಂದ ಆಗುವ ಹಾನಿ. ಬೋಳಾಗಿ ಕಂಡ ಪಠಾರದಲ್ಲಿ ಗುಂಡಿ ತೋಡಿ ಅಕೇಶಿಯಾ ನೆಡುವುದು, ಹೊಂಡಗಳನ್ನು ಆಳಗೊಳಿಸಿ ಬೇಸಿಗೆಗೂ ನೀರು ನಿಲ್ಲಿಸುವುದು. ನೆರಳು ಬಿದ್ದರೆ ಈ ಗಿಡಗಳಿಗೆ ಬಿಸಿಲಿಲ್ಲ. ನೀರು ವರ್ಷವಿಡೀ ನಿಂತರೆ ಒಣಗು ಕಾಲವನ್ನೇ ನಂಬಿದ ಇವುಗಳ ಜಾಗವನ್ನು ಸಾಮಾನ್ಯ ಕೆರೆಗಿಡಗಳು ಹಿಡಿಯುತ್ತವೆ. ಈ ಪಠಾರಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಅಪರ್ಣಾ ವಾಟವೆ ಉತ್ತರ ಸಹ್ಯಾದ್ರಿ ಮತ್ತು ಕೊಂಕಣದ ಕಲ್ಲುಪಠಾರಗಳ ಸ್ಥಿತಿಗತಿಯ ಬಗ್ಗೆ 2013ರಲ್ಲಿ ವಿಸ್ತಾರವಾದ ವರದಿ ಪ್ರಕಟಿಸಿದರು. ಇವುಗಳನ್ನು ಕಾಡಿನ ಕೊರತೆಯೆಂದು ಕಾಣದೆ ತಮ್ಮಷ್ಟಕ್ಕೇ ಒಂದು ಜೀವನೆಲೆಯೆಂದು ಎಣಿಸಬೇಕೆನ್ನುವವರಿಗೆ ಅಂಥ ಕೆಲಸವೇ ಆಧಾರ.

ನಮ್ಮ ಮಡ್ಡಿಗಳ ಲೆಕ್ಕ

ಚಿಕ್ಕೋಡಿ, ಅಥಣಿಗಳಲ್ಲಿ ಸಹ್ಯಾದ್ರಿಯ ಮಳೆಯಿಲ್ಲ, ಜಾಂಬಾ ಕಲ್ಲಿನ ಪಠಾರವೂ ಇಲ್ಲ. ವಾಯತುರಾ ಇಲ್ಲಿ ಸಿಗದು. ಆದರೆ ಮಡ್ಡಿಗಳಿವೆ. ನಿಪ್ಪಾಣಿಯ ಪಕ್ಕದ ತವಂದಿ ಘಟ್ಟದಲ್ಲಿ, ಸ್ತವನಿಧಿಯ ಸುತ್ತಿನ ಗುಡ್ಡಗಳಲ್ಲಿ, ಊರೂರಿನ ಗಾಯರಾಣಗಳಲ್ಲಿ ಬರಿಗಲ್ಲು ಇದೆ. ಮಳೆಗಾಲದಲ್ಲಿ ಅವುಗಳ ತಗ್ಗುಗಳಲ್ಲೂ ನೀರು ನಿಲ್ಲುತ್ತದೆ, ಸಣ್ಣ ಗಿಡಗಳು ಹೂಬಿಡುತ್ತವೆ. ಕುರಿಗಾರರಿಗೆ ಅವುಗಳ ಪರಿಚಯವಿದೆ, ಸರ್ಕಾರಿ ಕಾಗದಕ್ಕೆ ಇಲ್ಲ.

ಕಾನೂನಿನಲ್ಲಿ ದಾರಿಯಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿಗಳ ದಾಖಲೆ ಪುಸ್ತಕ ಸಿದ್ಧವಾಗಬೇಕು. ವಿಶೇಷ ತಾಣಗಳನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ರಾಜ್ಯ ಘೋಷಿ­ಸಬಹುದು. ದೇಶದಲ್ಲಿ ಮೊದಲು ಹಾಗೆ ಘೋಷಣೆಯಾದದ್ದು ಕರ್ನಾಟಕದ್ದೇ, ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆತೋಪು, 2007ರಲ್ಲಿ.

ತಾಣ ದೊಡ್ಡದೇ ಆಗಿರಬೇಕೆಂದೂ ಇಲ್ಲ. ಆಂಬೋಲಿಯಲ್ಲಿ ಹಿರಣ್ಯಕೇಶಿ ನದಿ ಹುಟ್ಟುವ ದೇವಸ್ಥಾನದ ಕೊಳದಲ್ಲಿ ಒಂದು ಹೊಸ ಜಾತಿಯ ಪುಟ್ಟ ಮೀನು ಸಿಕ್ಕಿತು. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಅದರ ಸುತ್ತಲಿನ 2.11 ಹೆಕ್ಟೇರನ್ನು ಪರಂಪರೆಯ ತಾಣವೆಂದು ಘೋಷಿಸಿತು. ಸಂಕೇಶ್ವರವನ್ನು ಹಾದುಬರುವ ಅದೇ ಹಿರಣ್ಯಕೇಶಿ. ಒಂದು ಮೀನಿಗೆ ಐದೆಕರೆ ಸಾಕಾಯಿತು. ಒಂದು ಕಲ್ಲುಹೊಂಡಕ್ಕೆ ಅದಕ್ಕಿಂತ ಕಡಿಮೆ ಸಾಕು.

ಮಾಡಬೇಕಾದ ಮೊದಲ ಕೆಲಸ ದಾಖಲೆಯ ಕಾಲವನ್ನು ಬದಲಿಸುವುದು. ಮಾರ್ಚಿನ ಲೆಕ್ಕಪತ್ರ ಮುಗಿಸುವ ಅವಸರದಲ್ಲಿ ಬೇಸಿಗೆಯಲ್ಲಿ ಮಡ್ಡಿಗೆ ಹೋದವರು ‘ಕಲ್ಲು, ಒಣಹುಲ್ಲು’ ಎಂದು ಬರೆದು ಬರುತ್ತಾರೆ, ಬರೆದದ್ದು ಸುಳ್ಳೂ ಅಲ್ಲ. ಹೋಗಬೇಕಾದದ್ದು ಜುಲೈ ಕೊನೆಯಿಂದ ಸೆಪ್ಟೆಂಬರಿನವರೆಗೆ, ಹದಿನೈದು ದಿನಕ್ಕೊಮ್ಮೆ, ಒಂದೇ ಹೊಂಡಕ್ಕೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಓದುವ ಮಕ್ಕಳಿದ್ದಾರೆ, ಹೆಸರು ಗುರುತಿಸಲು ನೆರವಾಗುವವರು ಕೊಲ್ಹಾಪುರದಲ್ಲಿದ್ದಾರೆ, ಜಾಗ ತೋರಿಸಲು ಊರಿನ ಕುರಿಗಾರ ಇದ್ದಾನೆ. ಒಂದು ಫೋನು, ಒಂದು ಅಳತೆಪಟ್ಟಿ, ಛತ್ರಿ ಹಿಡಿಯಲು ಒಬ್ಬರು ಇದ್ದರೆ ಈ ಮಳೆಗಾಲದಲ್ಲೇ ಶುರು ಮಾಡಬಹುದು.